ಕೊನೆಯ ಗಡಿಗೆ

ತಿಪ್ಪೇಶ ಸತ್ತಾಗ ಅವನ ತಲೆಯ ಮೇಲಿದ್ದ ಗಡಿಗೆ ಒಡೆಯಲಿಲ್ಲ. ಹಿಂದೆ ಬರುತ್ತಿದ್ದ ಜಂಪಣ್ಣ ಕೈ ಚಾಚಿ ಹಿಡಿದುಕೊಂಡ. ಗಡಿಗೆ ಹಿಡಿಯಬೇಕೋ ಮನುಷ್ಯನನ್ನು ಹಿಡಿಯಬೇಕೋ ಎಂದು ಯೋಚಿಸುವಷ್ಟು ಹೊತ್ತಿರಲಿಲ್ಲ, ಕೈ ತಾನಾಗಿ ಗಡಿಗೆಗೆ ಹೋಯಿತು ಎಂದು ಅವನು ಆಮೇಲೆ ನನ್ನ ಮುಂದೆ ಕೂತು ಹೇಳಿದ. ಮೂವತ್ತು ವರ್ಷದ ಅಭ್ಯಾಸ. ನಾನು ಅವನನ್ನು ಬೈಯಲಿಲ್ಲ. ಯಾರನ್ನೂ ಬೈಯುವ ಶಕ್ತಿ ಆಗ ನನ್ನಲ್ಲಿರಲಿಲ್ಲ. ನನ್ನ ಗಂಡ ತಿಪ್ಪೇಶನಿಗೆ ಮೂವತ್ತಮೂರು. ನನಗೆ ಇಪ್ಪತ್ತೊಂಬತ್ತು.

ನಮ್ಮೂರಿನಲ್ಲಿ ಹಗಲಿನ ಕಾವು ಸಂಜೆಯಾದರೆ ತಾನಾಗಿ ಹೋಗುವುದಿಲ್ಲ. ನೆಲಕ್ಕಿಳಿದು, ಬಾಣಲೆಯ ತಳದ ಜಿಡ್ಡಿನ ಹಾಗೆ ಮೂಲೆ ಮೂಲೆಯಲ್ಲಿ ಕೂತಿರುತ್ತದೆ. ಬೆಳಗಾಗುತ್ತಲೇ ಕಾವುಗಾರರು ಬಂದು ಬೀದಿಗಳಲ್ಲಿ, ಅಂಗಳಗಳಲ್ಲಿ, ಮಂಚದ ಕೆಳಗೆ ಒದ್ದೆ ಗೋಣಿಚೀಲ ಹಾಸುತ್ತಾರೆ. ಚೀಲ ಕಾವು ಕುಡಿದು ಭಾರವಾದ ಮೇಲೆ ಸುತ್ತಿ ಗಡಿಗೆಯಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ತಲೆಯ ಮೇಲೆ ಹೊತ್ತು, ಊರಾಚೆಯ ಹಳೆಯ ಕಲ್ಲುಕ್ವಾರಿಗೆ ಸುರಿದು ಬರುತ್ತಾರೆ. ಕ್ವಾರಿಯಲ್ಲಿ ಅದು ಹನ್ನೊಂದು ದಿನಕ್ಕೆ ಆರುತ್ತದೆ. ಒಬ್ಬರಿಗೆ ದಿನಕ್ಕೆ ಹನ್ನೆರಡು ಗಡಿಗೆ, ಗಡಿಗೆಗೆ ಒಂದು ಚೀಲ. ನನ್ನ ಅತ್ತೆಯ ಕಾಲದಲ್ಲಿ ಮೂರು ವಾರ ಕೆಲಸ ನಿಲ್ಲಿಸಿ ಗೆದ್ದ ಹನ್ನೆರಡು ಅದು. ಆ ಮೂರು ವಾರ ಊರಿನವರು ತೊಟ್ಟಿಲ ಕೂಸುಗಳನ್ನು ಬಾವಿಯ ಮೆಟ್ಟಿಲ ಮೇಲೆ ಮಲಗಿಸಿದ್ದರಂತೆ. ಅಂದಿನಿಂದ ಹದಿಮೂರನೆಯ ಗಡಿಗೆಯನ್ನು ಯಾರೂ ಮುಟ್ಟುವುದಿಲ್ಲ. ಪುರಸಭೆ ಅಧ್ಯಕ್ಷರ ಮನೆಯಲ್ಲಿ ಮದುವೆ ಇದ್ದರೂ ಮುಟ್ಟುವುದಿಲ್ಲ.

ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದ್ದು ಬೇರೆ ಊರಿನಲ್ಲಿ. ಅಲ್ಲಿ ಸಂಜೆ ಕಾವು ತಾನೇ ಹೋಗುತ್ತಿತ್ತು. ಅದಕ್ಕೆ ಯಾರೂ ಯಾರಿಗೂ ಕೃತಜ್ಞತೆ ಹೇಳಬೇಕಾಗಿರಲಿಲ್ಲ. ಇಲ್ಲಿ ಹೇಳಬೇಕು, ಆದರೂ ಯಾರೂ ಹೇಳುವುದಿಲ್ಲ. ಕಾವುಗಾರರು ಬಂದಾಗ ಊರಿನವರು ಬಾಗಿಲು ತೆಗೆದು, ಅವರು ಮುಟ್ಟಿದ ಹೊಸ್ತಿಲಿಗೆ ನೀರು ಹಾಕುತ್ತಾರೆ.

ಕಾವುಗಾರರ ಕೇರಿಯಲ್ಲಿ ಸಾವಿನ ಮನೆಯ ಒಲೆ ಹನ್ನೊಂದು ದಿನ ಉರಿಯುವುದಿಲ್ಲ. ಸತ್ತವರು ಕೊನೆಗೆ ತುಂಬಿದ ಗಡಿಗೆಯನ್ನು ಕ್ವಾರಿಗೆ ಒಯ್ಯದೆ ಮನೆಗೆ ತಂದು ಅಡುಗೆಯ ಮೂಲೆಯಲ್ಲಿಡುತ್ತಾರೆ. ಅಡುಗೆ ಅದರ ಮೇಲೆ. ಮೊದಲ ದಿನ ಅನ್ನ ಬೇಯುತ್ತದೆ. ಐದನೆಯ ದಿನಕ್ಕೆ ಗಂಜಿ. ಒಂಬತ್ತನೆಯ ದಿನ ಹಾಲು ಬೆಚ್ಚಗಾದರೆ ಹೆಚ್ಚು. ಹನ್ನೊಂದನೆಯ ದಿನ ಗಡಿಗೆ ತಣ್ಣಗಾಗಿರುತ್ತದೆ. ಅದನ್ನು ಹೊರಗೊಯ್ದು ಒಡೆದು, ಒಲೆ ಹಚ್ಚುತ್ತಾರೆ. ಒಲೆ ಹಚ್ಚಿದ ಮನೆಗೆ ಸಾವಿನ ಗಡಿಗೆ ಮತ್ತೆ ಬರಬಾರದು. ದುಃಖಕ್ಕೂ ಅಷ್ಟೇ ಗಡುವು.

ನನ್ನ ಮನೆಯ ಗಡಿಗೆ ಹನ್ನೊಂದನೆಯ ದಿನವೂ ಅನ್ನ ಬೇಯಿಸಿತು.

ತಿಂಗಳಾಯಿತು, ಎರಡು ತಿಂಗಳಾಯಿತು. ಅದು ಬೇಯಿಸುತ್ತಲೇ ಇತ್ತು. ಅತ್ತೆ ಹುಲಿಗೆಮ್ಮ ನಲವತ್ತು ವರ್ಷ ಕಾವು ಹೊತ್ತವಳು. ಗಡಿಗೆಯಿಂದ ಮೂರಡಿ ದೂರ ಕೂತು, "ನನ್ನ ಮಗ ಹೋಗಿಲ್ಲ ಕಣೇ ಇಂದೂ. ನಿನ್ನ ಬಿಟ್ಟು ಹೋಗಾಕೆ ಅವನಿಗೆ ಮನಸಿಲ್ಲ" ಎನ್ನುತ್ತಿದ್ದಳು. ಅವಳು ಅದನ್ನು ಮುಟ್ಟುತ್ತಿರಲಿಲ್ಲ. ಮಕ್ಕಳ ಕೊನೆಯ ಗಡಿಗೆಯನ್ನು ಹೆತ್ತವರು ಮುಟ್ಟಬಾರದು, ಅದೂ ಒಂದು ಕಟ್ಟಳೆ.

ಸುದ್ದಿ ಕೇರಿ ದಾಟಿ ಊರಿಗೆ ಹೋಯಿತು. ಯಾವತ್ತೂ ನಮ್ಮ ಕೇರಿಗೆ ಕಾಲಿಡದ ಹೆಂಗಸರು ಮಂಗಳವಾರ ಮಂಗಳವಾರ ಬರತೊಡಗಿದರು. ಗಂಡ ಹೆಂಡತಿ ಜಗಳವಾಡಿಕೊಂಡವರು ಒಟ್ಟಿಗೆ ಬಂದು ಗಡಿಗೆಗೆ ಕೈ ಮುಗಿದು ಹೋಗುತ್ತಿದ್ದರು. ಹೊಸದಾಗಿ ಮದುವೆಯಾದವರು ಬರುತ್ತಿದ್ದರು. ಅತ್ತೆ ಬಂದವರಿಗೆಲ್ಲ ಕುಂಕುಮ ಕೊಡುತ್ತಿದ್ದಳು. ನನಗೆ ಯಾರೂ ಕೊಡುತ್ತಿರಲಿಲ್ಲ, ಆದರೆ ನನ್ನ ಕಾಲು ಮುಟ್ಟಲು ಬಗ್ಗುತ್ತಿದ್ದರು. ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಕೂತಿರುತ್ತಿದ್ದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಖವು ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿಯುತ್ತದೆ ಎಂದು ಹಲಗೆಯ ಮೇಲೆ ಬರೆದು, ಮನೆಗೆ ಬಂದು, ಗಂಡನ ಗಡಿಗೆಯ ಮೇಲೆ ಅನ್ನಕ್ಕಿಡುತ್ತಿದ್ದೆ. ಎರಡೂ ನಿಜ ಎಂದುಕೊಂಡಿದ್ದೆ ಎಂದರೆ ಅದು ಸುಳ್ಳು. ನಾನು ಏನನ್ನೂ ಅಂದುಕೊಂಡಿರಲಿಲ್ಲ. ಗಡಿಗೆಯ ಮೇಲೆ ಬರಿಗೈ ಇಟ್ಟರೆ ಗುಳ್ಳೆ ಏಳುತ್ತಿತ್ತು, ನೋವಾಗುತ್ತಿರಲಿಲ್ಲ. ಅನ್ನಕ್ಕೆ ಸುಟ್ಟ ಉಗುರಿನಂಥ ಒಂದು ವಾಸನೆ ಬರುತ್ತಿತ್ತು. ಅದು ಅವನ ಬೆವರಿನ ವಾಸನೆ ಎಂದುಕೊಂಡು ಉಂಡೆ. ಅದೊಂದನ್ನು ಮಾತ್ರ ಅಂದುಕೊಂಡಿದ್ದೆ.

ನೂರನೆಯ ದಿನ ಪುರಸಭೆಯ ಅಧ್ಯಕ್ಷರು ಹಾರ ಹಿಡಿದುಕೊಂಡು ಬಂದರು. ಜೊತೆಗೆ ಗುತ್ತಿಗೆದಾರ ವಿರೂಪಣ್ಣ. ಕಾವು ಎತ್ತಿಸುವ ಕೆಲಸ ಪುರಸಭೆಯಿಂದ ಅವನ ಕೈಗೆ ಹೋಗಿ ಆಗ ಎರಡು ವರ್ಷ. ಗಾಜಿನ ಕಾರ್ಖಾನೆ ಬಂದದ್ದೂ ಆ ವರ್ಷವೇ. ಅಧ್ಯಕ್ಷರು ಗಡಿಗೆಗೆ ಹಾರ ಹಾಕಿದರು. ಹೂವು ನಮ್ಮ ಕಣ್ಣೆದುರೇ ಬಾಡಿ ಕಪ್ಪಾಯಿತು. ಅವರು ಅದಕ್ಕೂ ಕೈ ಮುಗಿದರು.

"ಇಂಥ ಸತಿ ನಮ್ಮೂರಲ್ಲಿದ್ದಾಳೆ ಅನ್ನೋದು ನಮ್ಮ ಪುಣ್ಯ" ಎಂದರು ಅಧ್ಯಕ್ಷರು, ನನ್ನನ್ನಲ್ಲ, ಅತ್ತೆಯನ್ನು ನೋಡುತ್ತ. "ಇಲ್ಲೊಂದು ಗುಡಿ ಆಗಬೇಕು ಹುಲಿಗೆಮ್ಮ. ಅಮೃತಶಿಲೆ ಹಾಕಿಸೋಣ. ನಮ್ಮ ವಿರೂಪಣ್ಣನೇ ಮುಂದೆ ನಿಂತು ಮಾಡ್ತಾನೆ."

ವಿರೂಪಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು, ಗಡಿಗೆಯ ಮುಂದೆ ಉದ್ದಕ್ಕೆ ಅಡ್ಡಬಿದ್ದ. ಎದ್ದು ಅಂಗಿಯ ಧೂಳು ಕೊಡವಿಕೊಂಡು, "ತಿಪ್ಪೇಶ ನನಗೆ ತಮ್ಮ ಇದ್ದಂಗೆ ಇದ್ದ" ಎಂದ. ಅತ್ತೆ ಅತ್ತಳು. ನಾನು ಅವರಿಬ್ಬರಿಗೂ ಚಹಾ ಕೊಟ್ಟೆ. ಆ ಚಹಾವನ್ನೂ ಆ ಗಡಿಗೆಯ ಮೇಲೆಯೇ ಕಾಸಿದ್ದೆ. ಇವತ್ತಿಗೂ ನನಗೆ ಸಿಟ್ಟು ಬರುವುದು ಅವನ ಮೇಲೆ ಎಷ್ಟೋ, ಆ ಲೋಟ ಹಿಡಿದ ನನ್ನ ಕೈಯ ಮೇಲೂ ಅಷ್ಟೇ.

ಏಳನೆಯ ತಿಂಗಳಲ್ಲಿ ನಮ್ಮ ಕೇರಿಯ ಗಾದ್ರಪ್ಪ ಸತ್ತ. ಅವನೂ ಗಡಿಗೆ ಹೊತ್ತೇ ಸತ್ತ, ಕ್ವಾರಿಯ ದಾರಿಯಲ್ಲಿ, ತಿಪ್ಪೇಶ ಬಿದ್ದ ಜಾಗದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಗಾದ್ರಪ್ಪ ಬದುಕಿದ್ದಾಗ ಕುಡಿದು ಬಂದು ಹೆಂಡತಿಯನ್ನು ಹೊಡೆಯುತ್ತಿದ್ದ. ಪಾಲಮ್ಮ ಗಟ್ಟಿಗಿತ್ತಿ, ತಿರುಗಿ ಹೊಡೆಯುತ್ತಿದ್ದಳು. ಅವರ ಜಗಳ ಕೇರಿಗೆಲ್ಲ ಗಡಿಯಾರದ ಹಾಗೆ ಇತ್ತು.

ಹನ್ನೆರಡನೆಯ ದಿನ ಶಾಲೆಯಿಂದ ಬರುವಾಗ ಅವಳ ಮನೆಗೆ ಹೋದೆ. ಒಲೆ ಹಚ್ಚಿದ್ದಾಳೋ ಇಲ್ಲವೋ ನೋಡಿ, ಹಿಡಿ ಅಕ್ಕಿ ಕೊಟ್ಟು ಬರುವುದು ಪದ್ಧತಿ. ಒಲೆ ತಣ್ಣಗಿತ್ತು. ಪಾಲಮ್ಮ ಮೂಲೆಯಲ್ಲಿ, ನಡುವೆ ಕೌದಿ ಮಡಿಸಿಟ್ಟು, ಗಡಿಗೆಗೆ ಬೆನ್ನು ಕೊಟ್ಟು ಕೂತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಐವತ್ತರ ಹತ್ತಿರದ ಆ ಹೆಂಗಸಿನ ಮುಖದ ಮೇಲೆ ಮದುಮಗಳ ನಾಚಿಕೆ ಇತ್ತು.

"ಬಾರವ್ವಾ. ಕುಂದ್ರು. ಒಂದು ಮಾತು ಹೇಳ್ತೀನಿ, ನಗಬಾರದು."

"ಹೇಳಿ."

"ಇದೂ ಆರಿಲ್ಲ ಕಣವ್ವಾ. ನಿನ್ನ ಗಂಡಂದು ಹೆಂಗೋ ಹಂಗೇ." ಅವಳು ಗಡಿಗೆಯ ಕಡೆ ಗದ್ದ ಆಡಿಸಿದಳು. "ಆ ಮೂಳ ಇಪ್ಪತ್ತೆಂಟು ವರ್ಷ ನನ್ನ ಒಂದಿನ ಹೆಸರಿಡಿದು ಕರೀಲಿಲ್ಲ. ಲೇ, ಇವಳೇ, ಇಷ್ಟೇ. ಈಗ ನೋಡು. ಸತ್ತ ಮ್ಯಾಲಾದ್ರೂ ಪ್ರೀತಿ ಬಂತಲ್ಲ ಅಂತ ಕುಂತಿದೀನಿ. ಬೆನ್ನಿಗೆ ಹಿತವಾಗಿ ಐತೆ."

ನಾನು ಬಗ್ಗಿ ಗಡಿಗೆಯ ಬಾಯಿಯ ಬಟ್ಟೆಗೆ ಮೂಗು ಹಚ್ಚಿದೆ. ಸುಟ್ಟ ಉಗುರು.

ಗಾದ್ರಪ್ಪನ ಪ್ರೀತಿಗೂ ನನ್ನ ತಿಪ್ಪೇಶನ ಪ್ರೀತಿಗೂ ಒಂದೇ ವಾಸನೆ.

ಆಗ ನೆನಪಾಯಿತು. ಸಾಯುವ ಒಂದು ತಿಂಗಳ ಮೊದಲು ತಿಪ್ಪೇಶ ಸ್ನಾನ ಮಾಡಿ ಬಂದು, ಕೂದಲು ಒರೆಸಿಕೊಳ್ಳುತ್ತ ಕೇಳಿದ್ದ: "ಇಂದೂ, ಕಾರ್ಖಾನೆ ಅಂಗಳದ ಕಾವಿಗೆ ಬೇರೇನೇ ವಾಸನೆ ಐತೆ. ಉಗುರು ಸುಟ್ಟಂಗೆ. ಎಷ್ಟು ಉಜ್ಜಿದ್ರೂ ಹೋಗಲ್ಲ. ನಿನ್ನ ಪುಸ್ತಕದಾಗೆ ಏನಾದ್ರೂ ಐತಾ ನೋಡು." ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ನೋಡುತ್ತೇನೆ ಎಂದೆ. ನೋಡಲಿಲ್ಲ.

"ಪಾಲಮ್ಮಕ್ಕ, ಇದು ಗಾದ್ರಪ್ಪಣ್ಣ ಅಲ್ಲ" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸಿತು. "ಇದು ಕಾರ್ಖಾನೆ. ಊರಿನ ಕಾವು ಹನ್ನೊಂದು ದಿನಕ್ಕೆ ಆರುತ್ತೆ, ಇದು ಆರಲ್ಲ. ಇದನ್ನು ಹೊತ್ತೇ ಅವರು ಸತ್ತಿದ್ದು. ನಮ್ಮ ಮನೆಯದೂ ಇದೇ."

ಪಾಲಮ್ಮ ಗಡಿಗೆಯಿಂದ ಬೆನ್ನು ತೆಗೆದು, ಸ್ವಲ್ಪ ಮುಂದೆ ಸರಿದು ಕೂತಳು.

"ಓದಿದೋರು ಕಣವ್ವಾ ನೀವು" ಎಂದಳು. "ಇಪ್ಪತ್ತೆಂಟು ವರ್ಷಕ್ಕೆ ಒಂದು ದಿನ ಸುಖವಾಗಿ ಕುಂತಿದ್ದೆ. ಅದನ್ನೂ ಕಿತ್ಕಂಡ್ಯಲ್ಲ."

"ಹೌದು."

"ನಿಂದೂ ಹೋಯ್ತಲ್ಲ ಹಂಗಾರೆ."

"ಹೂಂ. ಹೋಯಿತು."

ಅವಳು ಎದ್ದು, ಗಡಿಗೆಯನ್ನು ಬಲಗಾಲಿನಿಂದ ಒಂದು ಸಲ ಒದ್ದಳು. ಅದು ಅಲುಗಲಿಲ್ಲ. "ಗಾದ್ರಪ್ಪ ಆಗಿದ್ರೆ ತಿರುಗಿ ಒದೀತಿದ್ದ" ಎಂದಳು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ನನಗೆ ಅಳು ಬರಲಿಲ್ಲ. ಏಳು ತಿಂಗಳ ನಂತರ ಮೊದಲ ಸಲ ಒಳಗೆ ಏನೋ ಅಲುಗಿತು, ಅದು ಅಳು ಅಲ್ಲ.

ಅಂದೇ ಇಬ್ಬರೂ ಜಂಪಣ್ಣನ ಮನೆಗೆ ಹೋದೆವು. ಅವನು ಕಾವುಗಾರರ ಸಂಘದ ಮುಖಂಡ. ತಿಪ್ಪೇಶನ ಗಡಿಗೆ ಹಿಡಿದವನು, ಗಾದ್ರಪ್ಪನದನ್ನೂ ಹಿಡಿದವನು. ಎರಡರ ತೂಕವನ್ನೂ ಬಲ್ಲವನು. ನಾನು ಕೂರದೆ ಕೇಳಿದೆ, ಒಂದು ಗಡಿಗೆಗೆ ಎಷ್ಟು ಚೀಲ ಹಾಕುತ್ತಿದ್ದೀರಿ ಎಂದು.

ಜಂಪಣ್ಣ ಮೊದಲು ನೆಲ ನೋಡಿದ. "ಎರಡು" ಎಂದ. "ಕಾರ್ಖಾನೆ ಅಂಗಳದ್ದು ಕೆಳಗೆ, ಊರಿಂದು ಮ್ಯಾಲೆ. ಒನಕೆ ಹಾಕಿ ಒತ್ತಿ ತುಂಬೋದು. ವಿರೂಪಣ್ಣ ಮೊದಲು ದಿನಕ್ಕೆ ಇಪ್ಪತ್ತು ಗಡಿಗೆ ಹೊರಬೇಕು ಅಂದ. ಸಂಘ ಒಪ್ಪಲಿಲ್ಲ. ಹನ್ನೆರಡಕ್ಕೆ ಒಂದು ಹೆಚ್ಚಿಗೆ ಆದ್ರೂ ಆಗಲ್ಲ ಅಂತ ಪಟ್ಟು ಹಿಡಿದ್ವಿ. ಆಯ್ತು, ಹನ್ನೆರಡೇ ಹೊರ್ರಿ, ಒತ್ತಿ ತುಂಬ್ರಿ ಅಂದ. ನಮ್ಮೋರೆಲ್ಲ ಗೆದ್ವಿ ಅಂತ ಅವತ್ತು ಹಲಗೆ ಬಾರಿಸಿದ್ರು ಕಣವ್ವಾ. ತಿಪ್ಪೇಶನೂ ಕುಣಿದ. ಹನ್ನೆರಡು ಅನ್ನೋದನ್ನ ಉಳಿಸ್ಕಂಡ್ವಿ ಅಂತ."

"ಗಡಿಗೆ ಉಳಿಸಿಕೊಂಡಿರಿ" ಎಂದೆ. "ಅವತ್ತೂ ಅಷ್ಟೇ, ದಾರಿಯಲ್ಲೂ ಅಷ್ಟೇ."

ಅಷ್ಟು ಹೇಳಬಾರದಿತ್ತು ಎಂದು ಪಾಲಮ್ಮ ಹೊರಗೆ ಬಂದ ಮೇಲೆ ಅಂದಳು. ಹೇಳಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕಾರ್ಖಾನೆ ಬಂದ ಮೇಲೆ ಕಾವು ಹೊರುವವರಲ್ಲಿ ಐದು ಜನ ಸತ್ತಿದ್ದರು. ಉಳಿದ ಮೂರು ಮನೆಗಳಿಗೂ ಹೋದೆವು. ನಿಮ್ಮ ಗಡಿಗೆ ಆರಿತೇ ಎಂದು ಕೇಳಿದರೆ ಮೂರೂ ಮನೆಯವರು, ಆರಿತು, ಒಡೆದೆವು ಎಂದೇ ಹೇಳಿದರು. ಪಾಲಮ್ಮ ಕೇಳಬೇಕಾದ ಹಾಗೆ ಕೇಳಿದ ಮೇಲೆ ಒಂದು ಗಡಿಗೆ ಮಂಚದ ಕೆಳಗಿನಿಂದ ಬಂತು, ಇನ್ನೊಂದು ರಾಗಿ ತುಂಬಿಡುವ ವಾಡೆಯ ಹಿಂದಿನಿಂದ. ಇಬ್ಬರೂ ತಮ್ಮ ಗಂಡನೊಬ್ಬನೇ ಉಳಿದುಕೊಂಡಿದ್ದಾನೆ ಎಂದು ಬಚ್ಚಿಟ್ಟುಕೊಂಡಿದ್ದರು. ಮಂಗಳವಾರದ ಜನ ತಮ್ಮ ಮನೆಗೂ ಬಂದರೆ ಎಂಬ ಹೆದರಿಕೆ ಬೇರೆ. ಐದನೆಯ ಮನೆ ಸಣ್ಣೀರಪ್ಪಜ್ಜನದು. ಸತ್ತವಳು ಅವನ ಹೆಂಡತಿ, ಅವಳೂ ಕಾವು ಹೊರುತ್ತಿದ್ದಳು. ಅಜ್ಜ ಬಚ್ಚಲಿನಲ್ಲಿ ಗಡಿಗೆ ಇಟ್ಟುಕೊಂಡು ಅದರ ಮೇಲೆ ಸ್ನಾನದ ನೀರು ಕಾಸಿಕೊಳ್ಳುತ್ತಿದ್ದ. "ಗಂಡಸಾಗಿ ಹೆಂಗೆ ಹೇಳ್ಲವ್ವಾ, ನನ್ನ ಹೆಂಡ್ತಿ ನನ್ನ ಬಿಟ್ಟು ಹೋಗಿಲ್ಲ ಅಂತ. ನಗಲ್ವಾ ಜನ" ಎಂದ. ನಿಜ ಹೇಳಿದಾಗ ಅವನು ಸಿಟ್ಟಾಗಲಿಲ್ಲ. ಬಚ್ಚಲಿಗೆ ಹೋಗಿ, ಕುದಿಯುತ್ತಿದ್ದ ನೀರನ್ನು ಚೆಲ್ಲಿ ಬಂದ.

ಐದು ಮನೆ, ಐದು ಗಡಿಗೆ. ಎಲ್ಲರಿಗೂ ಬೇರೆ ಬೇರೆ ದುಃಖ ಎಂದುಕೊಂಡಿದ್ದೆವು.

ಅದೇ ತಿಂಗಳ ಕೊನೆಗೆ ಪುರಭವನದಲ್ಲಿ ಸಾರ್ವಜನಿಕ ಸಭೆ ಇತ್ತು. ಕಾರ್ಖಾನೆಯವರು ಎರಡನೆಯ ಕುಲುಮೆ ಕಟ್ಟಬೇಕೆಂದಿದ್ದರು. ಮೊದಲನೆಯದೇ ಬಂದ ಮೇಲೆ ಊರ ಬಾವಿಗಳ ನೀರು ಬೆಚ್ಚಗಾಗಿತ್ತು. ಕ್ವಾರಿಯ ಮೇಲೆ ಹಕ್ಕಿ ಹಾರುವುದು ನಿಂತಿತ್ತು. ಸುರಿದ ಕಾವು ತುಂಬಿ, ಅಂಚು ಮೀರಿ, ಇಳಿಜಾರಿನಲ್ಲಿ ನಮ್ಮ ಕೇರಿಗೇ ವಾಪಸು ಬರುತ್ತಿತ್ತು. ಊರು ಅದಕ್ಕೆ ಕಾವುಗಾರರನ್ನು ಬೈಯುತ್ತಿತ್ತು, ಸರಿಯಾಗಿ ಎತ್ತುವುದಿಲ್ಲ ಎಂದು. ಕುಲುಮೆಯ ಬಗ್ಗೆ ಕಾರ್ಖಾನೆ ಸಲ್ಲಿಸಿದ ವರದಿಯನ್ನು ಪುರಸಭೆಯ ವಾಚನಾಲಯದಲ್ಲಿ ಇಟ್ಟಿದ್ದರು. ಇನ್ನೂರು ಪುಟ. ಓದಿದವಳು ನಾನೊಬ್ಬಳೇ, ಸಹಿ ಪುಸ್ತಕದಲ್ಲಿ ಬೇರೆ ಹೆಸರಿರಲಿಲ್ಲ. ಅದರ ಒಂದು ಪುಟದಲ್ಲಿ ಹೀಗಿತ್ತು: "ಕಾರ್ಖಾನೆಯ ಕಾವು ಊರಿನ ಕಾವಿನಂತೆಯೇ ಹನ್ನೊಂದು ದಿನಗಳಲ್ಲಿ ಸಂಪೂರ್ಣವಾಗಿ ಆರುತ್ತದೆ." ಆ ಸಾಲನ್ನು ನಾನು ಬರೆದುಕೊಂಡೆ. ತಿಪ್ಪೇಶ ನೋಡು ಎಂದದ್ದನ್ನು ನೋಡಿದೆ, ಎಂಟು ತಿಂಗಳು ತಡವಾಗಿ.

ಸಭೆಯ ದಿನ ಬೆಳಿಗ್ಗೆ ಗಡಿಗೆಯ ಮುಂದೆ ನಿಂತೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ನನ್ನ ಮಗನ್ನ ಎರಡನೇ ಸಲ ಹೊರಕ್ಕೆ ಒಯ್ತೀಯಾ?"

"ಅತ್ತೆ, ಇದರಲ್ಲಿ ಅವರಿಲ್ಲ."

"ನೀನು ಯಾರೇ ಹೇಳಾಕೆ? ನಾನು ಹೆತ್ತೋಳು. ಏಳು ತಿಂಗಳಿಂದ ಅವನ ಜೊತೆ ಮಾತಾಡ್ತಿದೀನಿ."

ನನಗೆ ಮಾತು ಬೆಳೆಸಲು ಬರುವುದಿಲ್ಲ. "ಒಂದು ಸಲ ಎತ್ತಿ ನೋಡಿ" ಎಂದೆ. "ನಲವತ್ತು ವರ್ಷ ಹೊತ್ತಿದ್ದೀರಿ. ಎತ್ತಿ ನೋಡಿ ಹೇಳಿ."

"ಹೆತ್ತೋರು ಮುಟ್ಟಬಾರದು."

"ಅದಕ್ಕೇ ಇಷ್ಟು ದಿನ ಗೊತ್ತಾಗಲಿಲ್ಲ."

ಅವಳು ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಗಡಿಗೆಯ ಹತ್ತಿರ ಬಂದು, ಕುಕ್ಕರುಗಾಲಿನಲ್ಲಿ ಕೂತು, ಹಳೆಯ ಅಭ್ಯಾಸದಂತೆ ಸೆರಗನ್ನು ಅಂಗೈಗೆ ಸುತ್ತಿಕೊಂಡು, ತಳಕ್ಕೆ ಕೈ ಕೊಟ್ಟು ಎತ್ತಿದಳು. ನೆಲದಿಂದ ಒಂದು ಗೇಣು ಎದ್ದಿತು. ಮತ್ತೆ ಇಳಿಸಿದಳು. ಉಸಿರು ಬಿಟ್ಟಳು. ಇನ್ನೊಂದು ಸಲ ಎತ್ತಿದಳು, ನಂಬಿಕೆ ಬರದವಳ ಹಾಗೆ.

"ಇದು ಒಂದು ಗಡಿಗೆ ಅಲ್ಲ" ಎಂದಳು. "ಎರಡರ ಮ್ಯಾಲೆ ಐತೆ." ಕೈಯ ಸೆರಗು ಬಿಚ್ಚಿದಳು. "ಹನ್ನೆರಡು ಅಂತ ಹೇಳ್ತಿದ್ನಲ್ಲೇ ನನಗೆ. ದಿನಾ ಕೇಳ್ತಿದ್ದೆ, ಎಷ್ಟು ಹೊತ್ತೆಪ್ಪಾ ಅಂತ. ಹನ್ನೆರಡೇ ಕಣವ್ವಾ ಅಂತಿದ್ದ." ಆಮೇಲೆ ತೀರಾ ಸಣ್ಣ ದನಿಯಲ್ಲಿ, "ಆ ವಿರೂಪಣ್ಣ ಇದರ ಮುಂದೆ ಅಡ್ಡಬಿದ್ದ. ನಾನು ಅವನ ಹಣೆಗೆ ಕುಂಕುಮ ಇಟ್ಟೆ" ಎಂದಳು.

ಅವಳೇ ಗೂಟದಿಂದ ತಿಪ್ಪೇಶನ ಸಿಂಬೆ ತೆಗೆದು ನನ್ನ ತಲೆಯ ಮೇಲಿಟ್ಟಳು, ಬಟ್ಟೆ ಸುತ್ತಿ ಮಾಡಿದ, ಅವನ ತಲೆಯ ಅಳತೆಯ ಸಿಂಬೆ. ನನಗೆ ದೊಡ್ಡದಾಯಿತು. ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿ ಕೊಟ್ಟಳು. ಆಮೇಲೆ ನಾನು ಕೇಳದೇ ಇದ್ದ ಕೆಲಸ ಮಾಡಿದಳು. ಒಲೆಯ ಮುಂದೆ ಕೂತು, ಏಳು ತಿಂಗಳ ಬೂದಿ ಬಳಿದು, ಸೌದೆ ಇಟ್ಟು, ಹಚ್ಚಿದಳು.

"ಹೋಗು. ಇನ್ನು ಅದು ಈ ಮನೆಗೆ ಬರಂಗಿಲ್ಲ" ಎಂದಳು. "ಕತ್ತು ನೆಟ್ಟಗಿರಲಿ. ಕಾಲ ಕೆಳಗೆ ನೋಡಬ್ಯಾಡ, ಮುಂದೆ ನೋಡು."

ಕೇರಿಯ ತಿರುವಿನಲ್ಲಿ ಪಾಲಮ್ಮ ನಿಂತಿದ್ದಳು, ಉಳಿದ ಇಬ್ಬರು ಹೆಂಗಸರು, ಸಣ್ಣೀರಪ್ಪಜ್ಜ. ಐವರೂ ಮನೆಯಲ್ಲಿ ಒಲೆ ಹಚ್ಚಿ ಬಂದಿದ್ದೆವು. ಪುರಭವನಕ್ಕೆ ಒಂದು ಮೈಲಿ. ನಾನು ಜೀವನದಲ್ಲಿ ಗಡಿಗೆ ಹೊತ್ತವಳಲ್ಲ. ನೂರು ಹೆಜ್ಜೆಗೆ ಕಣ್ಣು ಮಂಜಾಯಿತು, ಇನ್ನೂರಕ್ಕೆ ನೆತ್ತಿಯಿಂದ ಹಲ್ಲಿನವರೆಗೆ ಏನೋ ಇಳಿಯಿತು. ತಿಪ್ಪೇಶ ದಿನಕ್ಕೆ ಇಂಥ ಹನ್ನೆರಡು ಹೊತ್ತು, ಸಂಜೆ ನನಗೆ ಮಲ್ಲಿಗೆ ತಂದು ಕೊಡುತ್ತಿದ್ದ. ಈ ಯೋಚನೆಯಿಂದಲೇ ಉಳಿದ ದಾರಿ ನಡೆದೆ. ಸಿಟ್ಟು ಕಾಲಿಗೆ ಒಳ್ಳೆಯದು.

ಪುರಭವನದಲ್ಲಿ ಫ್ಯಾನುಗಳು ತಿರುಗುತ್ತಿದ್ದವು. ವೇದಿಕೆಯ ಉದ್ದನೆಯ ಮೇಜಿನ ಹಿಂದೆ ದೊಡ್ಡ ಊರಿನಿಂದ ಬಂದ ಅಧಿಕಾರಿ, ಅಧ್ಯಕ್ಷರು, ಕಾರ್ಖಾನೆಯ ಮ್ಯಾನೇಜರು, ಕೊನೆಗೆ ವಿರೂಪಣ್ಣ. ಕಾವುಗಾರರು ಬೆಳಗಿನ ಕೆಲಸ ಮುಗಿಸಿ ಬಂದು ಹಿಂದಿನ ಸಾಲುಗಳಲ್ಲಿ ಕೂತಿದ್ದರು. ನಾವು ಐವರೂ ನೇರವಾಗಿ ವೇದಿಕೆ ಹತ್ತಿ, ಗಡಿಗೆಗಳನ್ನು ಮೇಜಿನ ಮೇಲೆ ಸಾಲಾಗಿ ಇಳಿಸಿದೆವು. ಮೇಜು ನರಳಿತು. ವಾರ್ನಿಷು ಗುಳ್ಳೆ ಎದ್ದಿತು.

ಅಧ್ಯಕ್ಷರು ನನ್ನ ಗಡಿಗೆಯನ್ನು ಗುರುತು ಹಿಡಿದು ಅಭ್ಯಾಸಬಲದಿಂದ ಕೈ ಮುಗಿದರು. ಆಮೇಲೆ ಉಳಿದ ನಾಲ್ಕನ್ನು ನೋಡಿ, ಮುಗಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಮೇಜಿನ ಕೆಳಗೆ ಇಟ್ಟುಕೊಂಡರು.

ನಾನು ಹೇಳಬೇಕಾದ್ದನ್ನು ಹೇಳಿದೆ. ಐದು ಹೆಸರು, ಸತ್ತ ದಿನಾಂಕ, ಗಡಿಗೆಗೆ ಎರಡು ಚೀಲ, ಒನಕೆ. ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅಧಿಕಾರಿ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ನೋಡಿಯಮ್ಮ, ನಿಮ್ಮ ನೋವು ಅರ್ಥವಾಗುತ್ತೆ. ಆದರೆ ಇದು ನಂಬಿಕೆಯ ವಿಷಯ. ಈ ಸಭೆಗೆ ಸಂಬಂಧಪಟ್ಟಿದ್ದಲ್ಲ."

"ಮೇಡಂ ಅವರ ಪತಿಯ ಗಡಿಗೆ ಬಗ್ಗೆ ನಮಗೂ ಬಹಳ ಗೌರವ ಇದೆ" ಎಂದರು ಮ್ಯಾನೇಜರು. "ಗುಡಿಗೆ ಗಾಜಿನ ಬಾಗಿಲು ನಮ್ಮ ಕಡೆಯಿಂದ ಅಂತ ಆಗಲೇ ಹೇಳಿದ್ದೇವೆ."

"ಬಾಗಿಲು ನಿಮ್ಮ ಮನೆಗೇ ಹಾಕಿಕೊಳ್ರಿ" ಎಂದಳು ಪಾಲಮ್ಮ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಗಂಡಂದಿರನ್ನ ಸಭೆಗೆ ಕರ್ಕಂಡು ಬಂದೀವಿ ಸ್ವಾಮಿ. ಕೇಳೋದೇನೈತೋ ಅವರನ್ನೇ ಕೇಳ್ರಿ."

ಅಷ್ಟರಲ್ಲಿ ಅಧಿಕಾರಿಯ ಮುಂದಿದ್ದ ಕಾಗದದ ಅಂಚು ಕಂದು ಬಣ್ಣಕ್ಕೆ ತಿರುಗಿತು. ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಮೊದಲು ಇವನ್ನು ಇಲ್ಲಿಂದ ತೆಗೆಸಿ" ಎಂದರು.

"ಏಯ್, ಬರ್ರೋ ನಾಕು ಜನ" ಎಂದು ವಿರೂಪಣ್ಣ ಹಿಂದಿನ ಸಾಲಿಗೆ ಕೂಗಿದ.

ಯಾರೂ ಏಳಲಿಲ್ಲ. ಜಂಪಣ್ಣ ಒಬ್ಬನೇ ಎದ್ದು ನಿಂತ. ಹೆಗಲ ಮೇಲಿನ ಟವಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಇವತ್ತಿನ ಹನ್ನೆರಡು ಮುಗಿದಾವೆ ಸ್ವಾಮಿ" ಎಂದ. "ಹದಿಮೂರನೇದು ನಾವು ಮುಟ್ಟಂಗಿಲ್ಲ. ನಾಳೆಯಿಂದ ಒನಕೇನೂ ಮುಟ್ಟಲ್ಲ. ಕಾರ್ಖಾನೆ ಅಂಗಳಕ್ಕೆ ಕಾಲೂ ಇಡಲ್ಲ. ಊರಿನ ಕಾವು ಎತ್ತೀವಿ, ಗಡಿಗೆಗೆ ಒಂದೇ ಚೀಲ." ಕೂರುವ ಮೊದಲು ನನ್ನ ಕಡೆ ನೋಡಿದ. ನಾನು ತಲೆ ಆಡಿಸಲಿಲ್ಲ, ಮುಖ ತಿರುಗಿಸಲೂ ಇಲ್ಲ.

ಪುರಭವನದ ಜವಾನರಿಬ್ಬರು ಬಂದು ಒಂದು ಗಡಿಗೆಗೆ ಕೈ ಹಾಕಿ, ಕೈ ಕೊಡವಿಕೊಂಡು ಹಿಂದೆ ಸರಿದರು. ಅಧಿಕಾರಿ ನಮ್ಮ ಕಡೆ ತಿರುಗಿ, "ತಂದವರೇ ಒಯ್ಯಿರಿ" ಎಂದರು. ಒಲೆ ಹಚ್ಚಿದ ಮನೆಗೆ ಬರಂಗಿಲ್ಲ ಎಂದು ಸಣ್ಣೀರಪ್ಪಜ್ಜ ಕಟ್ಟಳೆಯನ್ನು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಅವರಿಗೆ ವಿವರಿಸಿದ.

ಸಭಾಭವನ ಬಿಸಿಯೇರುತ್ತಿತ್ತು. ಮುಂದಿನ ಸಾಲಿನ ಊರ ಗಣ್ಯರು ಎದ್ದು ಬಾಗಿಲ ಕಡೆ ಸರಿದರು. ಅಧಿಕಾರಿ ಗುಮಾಸ್ತನಿಗೆ ಬರೆದುಕೊಳ್ಳಲು ಹೇಳಿದರು: ಅನಿವಾರ್ಯ ಕಾರಣದಿಂದ ಸಭೆಯನ್ನು ಹನ್ನೊಂದು ದಿನ ಮುಂದೂಡಲಾಗಿದೆ.

"ಸರ್" ಎಂದೆ. "ಹನ್ನೊಂದು ದಿನ ಎಂದು ಬರೆಯಬೇಡಿ. ಈ ಗಡಿಗೆಗಳು ಆರುವವರೆಗೆ ಎಂದು ಬರೆಯಿರಿ. ಆರುವವರೆಗೆ ಕುಲುಮೆಗೆ ಅನುಮತಿ ಇಲ್ಲ ಎಂದು."

"ಎರಡಕ್ಕೂ ಏನಮ್ಮ ವ್ಯತ್ಯಾಸ?"

"ನನಗೆ ಗೊತ್ತಿಲ್ಲ ಸರ್. ಮ್ಯಾನೇಜರನ್ನು ಕೇಳಿ." ನಾನು ಚೀಟಿ ತೆಗೆದು ಕಾರ್ಖಾನೆಯ ವರದಿಯ ಸಾಲನ್ನು ಓದಿದೆ, ಪುಟದ ಸಂಖ್ಯೆಯೊಂದಿಗೆ.

ಅಧಿಕಾರಿ ಮ್ಯಾನೇಜರನ್ನು ನೋಡಿದರು. ಬೆವರು ಅವರ ಕನ್ನಡಕದ ಮೇಲೆ ಹನಿಯುತ್ತಿತ್ತು, ಬೇಗ ಹೊರಗೆ ಹೋಗಬೇಕಿತ್ತು. "ಏನ್ರೀ, ವ್ಯತ್ಯಾಸ ಇದೆಯಾ?"

ಮ್ಯಾನೇಜರು ಗಡಿಗೆಗಳನ್ನು ನೋಡಿದರು. ಅವರಿಗೆ ಗೊತ್ತಿತ್ತು. ನನಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಅದೇ. ಮೊದಲಿನಿಂದಲೂ ಗೊತ್ತಿತ್ತು ಅವರಿಗೆ. ಇದೆ ಎಂದರೆ ವರದಿ ಸುಳ್ಳು. ಇಲ್ಲ ಎಂದರೆ ಗಡಿಗೆಗಳು ಆರುವವರೆಗೆ ಕುಲುಮೆ ಇಲ್ಲ.

"ವ್ಯತ್ಯಾಸ ಇಲ್ಲ" ಎಂದರು.

"ಹಾಗಿದ್ದರೆ ಹಾಗೇ ಬರೆಯಪ್ಪ" ಎಂದು ಅಧಿಕಾರಿ ಸಹಿ ಹಾಕಿ, ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತ ಇಳಿದು ಹೋದರು.

ಇದಾಗಿ ಐದು ತಿಂಗಳು. ಕಾರ್ಖಾನೆಯ ಅಂಗಳದಲ್ಲಿ ಕಾವು ಮೊಣಕಾಲು ಮುಟ್ಟಿತು. ಒಳಗೆ ಗಾಜು ಊದುವವರು ಕಾಲು ಸುಟ್ಟುಕೊಂಡು, ಒಂದು ದಿನ ಎಲ್ಲರೂ ಗೇಟಿನಾಚೆ ಬಂದು ಕೂತರು. ಜಂಪಣ್ಣ ಅವರಿಗೆ ಮಜ್ಜಿಗೆ ಕಳಿಸಿದ. ಮೊದಲ ಕುಲುಮೆ ಇನ್ನೂ ಉರಿಯುತ್ತಿದೆ, ಅರ್ಧ ಮಾತ್ರ. ವಿರೂಪಣ್ಣ ಇನ್ನೂ ಗುತ್ತಿಗೆದಾರ. ಸತ್ತ ಐವರಲ್ಲಿ ಒಬ್ಬರೂ ಕೆಲಸದಿಂದ ಸತ್ತರು ಎಂದು ಯಾವ ಕಾಗದದಲ್ಲೂ ಬರೆದಿಲ್ಲ. ಮಂಗಳವಾರದ ಹೆಂಗಸರು ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ದೇವರನ್ನು ಕಿತ್ತುಕೊಂಡವಳು ನಾನು.

ಪುರಭವನದಲ್ಲಿ ಈಗ ಸಭೆಗಳು ನಡೆಯುವುದಿಲ್ಲ. ಮೇಜು ಸುಟ್ಟು ಬಿದ್ದಿದೆ. ಐದು ಗಡಿಗೆಗಳು ಕಲ್ಲಿನ ನೆಲದ ಮೇಲಿವೆ. ಗಡಿಗೆಗಳು ಆರುವವರೆಗೆ ಎಂದು ಸಭೆಯ ನಡಾವಳಿಯಲ್ಲಿ ಬರೆದಿರುವುದರಿಂದ ದಿನವೂ ಬೆಳಿಗ್ಗೆ ಒಬ್ಬರು ಹೋಗಿ, ಮುಟ್ಟಿ ನೋಡಿ, ಅಲ್ಲಿಟ್ಟ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಸರದಿಯಲ್ಲಿ ಹೋಗುತ್ತೇವೆ. ಅತ್ತೆ ಸೋಮವಾರ ಹೆಬ್ಬೆಟ್ಟು ಒತ್ತಿ ಬರುತ್ತಾಳೆ. ಗುರುವಾರ ನನ್ನದು.

ಮೇಜು ಸುಟ್ಟು ನಿಧಾನವಾಗಿ ಕುಸಿದಾಗ ಗಡಿಗೆಗಳು ಒಡೆಯಲಿಲ್ಲ, ಉರುಳಿ ಅದಲುಬದಲಾದವು. ಎಲ್ಲವೂ ಮಸಿ ಹಿಡಿದಿವೆ, ಯಾವುದು ತಿಪ್ಪೇಶನದು ಎಂದು ಗೊತ್ತಾಗುವುದಿಲ್ಲ. ಮೊದಮೊದಲು ಹುಡುಕುತ್ತಿದ್ದೆ. ಈಗ ಬಾಗಿಲ ಕಡೆಯಿಂದ ಶುರುಮಾಡಿ ಐದನ್ನೂ ಮುಟ್ಟುತ್ತೇನೆ. ಹೋದ ಗುರುವಾರ ಮೂರನೆಯದರ ಮೇಲೆ ಅಂಗೈ ಇಟ್ಟವಳು ಚುರುಕ್ಕೆಂದು ಹಿಂದಕ್ಕೆಳೆದುಕೊಂಡೆ. ಕಣ್ಣಲ್ಲಿ ನೀರು ಬಂತು. ಅಂಗೈಯನ್ನು ಬಾಯಿಂದ ಊದಿಕೊಂಡು, ಉಳಿದ ಎರಡನ್ನೂ ಮುಟ್ಟಿದೆ. ಅವೂ ಸುಟ್ಟವು.

ಪುಸ್ತಕ ತೆಗೆದು ದಿನಾಂಕ ಹಾಕಿ ಬರೆದೆ. ಆರಿಲ್ಲ.